ಕಣ್ಣಿನ ವೈದ್ಯನೂ ನ್ಯಾಸಾಪಹಾರವೂ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದೆ. ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ ಎಂಬವೇ ಆ ಐದು. ಇವುಗಳಲ್ಲಿ ನಾಲ್ಕನೆಯದು ವ್ಯಾಪಾರಿಯಾದ ನನ್ನನ್ನು ಬಹುಕಾಲದಿಂದ ಕಾಡಿದೆ. ಒಬ್ಬನು ನಮ್ಮಲ್ಲಿ ಹಣವನ್ನೋ ಚಿನ್ನವನ್ನೋ ನಂಬಿ ಇಟ್ಟು ಹೋಗುತ್ತಾನೆ. ಹಿಂದಿರುಗಿ ಬಂದಾಗ ಇಟ್ಟದ್ದೆಷ್ಟೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ಹಾಗೆಯೇ ಆಗಲೆಂದು ಒಪ್ಪಿ, ಕೇಳಿದಷ್ಟನ್ನೇ ಕೊಟ್ಟು ಕಳುಹಿಸುತ್ತಾನೆ. ಇದು ನ್ಯಾಸಾಪಹಾರವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಇಲ್ಲಿ ಸುಳ್ಳು ಹೇಳಿದವರು ಯಾರು? ಕೇಳಿದವನು ಮರೆತ, ಕೊಟ್ಟವನು ಕೇಳಿದ್ದನ್ನು ಕೊಟ್ಟ. ಪರರ ದ್ರವ್ಯ ಉಳಿದುಕೊಂಡಿತಾದ್ದರಿಂದ ಇದನ್ನು ಅಚೌರ್ಯದ ಅತಿಚಾರವೆಂದು ಹೇಳಬಹುದಾಗಿತ್ತು. ಆಚಾರ್ಯರು ಹಾಗೆ ಹೇಳದೆ ಸತ್ಯದ ಅತಿಚಾರವೆಂದರು. ಏಕೆ ಎಂಬುದು ನನಗೆ ತಿಳಿದದ್ದು ಶಾಸ್ತ್ರಸಭೆಯಲ್ಲಲ್ಲ, ಬೆಂಗಳೂರಿನ ಕಣ್ಣಾಸ್ಪತ್ರೆಯೊಂದರ ಪಡಸಾಲೆಯಲ್ಲಿ. ಅದನ್ನು ಸಾಧರ್ಮಿ ಬಂಧುಗಳ ಮುಂದೆ ನಿವೇದಿಸಿಕೊಳ್ಳಬೇಕೆಂಬ ಇಚ್ಛೆಯಿಂದ ಈ ಲೇಖನವನ್ನು ಬರೆದಿದ್ದೇನೆ.

ನಮ್ಮ ಕಾಲದವರಿಗೆ ಕಣ್ಣಿನ ವೈದ್ಯರೆಂದರೆ ಮೊದಲು ನೆನಪಾಗುವವರು ಡಾ. ಎಂ.ಸಿ. ಮೋದಿಯವರು. ಬೀಳಗಿಯಲ್ಲಿ ಜನಿಸಿದ ಅವರು ಊರೂರಿಗೆ ತಾವೇ ಹೋಗಿ, ಶಾಲೆಯ ಕೊಠಡಿಗಳಲ್ಲಿ, ಛತ್ರಗಳಲ್ಲಿ ಶಿಬಿರ ಹೂಡಿ ಪೊರೆ ತೆಗೆದರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನದಲ್ಲಿ 833 ಶಸ್ತ್ರಚಿಕಿತ್ಸೆಗಳನ್ನು ಮಾಡಿದ ದಾಖಲೆ ಅವರದು. 2005ರಲ್ಲಿ ಅವರು ತೀರಿಕೊಂಡಾಗ 'ಕಣ್ಣು ಕೊಟ್ಟ ಅಣ್ಣ' ಹೋದನೆಂದು ಜನ ಮರುಗಿದರು. ಶ್ರಾವಕರಾದ ನಾವು ಔಷಧದಾನಕ್ಕೆಂದು ಹಣ ತೆಗೆದಿಡುವಾಗ ನಮ್ಮ ಕಣ್ಣೆದುರಿಗೆ ನಿಲ್ಲುವುದು ಈ ಚಿತ್ರವೇ. ಕುರುಡರಾಗಿ ಬಂದವರು ಪಟ್ಟಿ ಬಿಚ್ಚಿದೊಡನೆ ಮೊಮ್ಮಗುವಿನ ಮುಖ ಕಾಣುತ್ತಾರೆ. ಖರ್ಚಿನ ಪುಟದ ಎದುರಿಗೇ ಜಮೆಯ ಪುಟ ತುಂಬುತ್ತದೆ. ವಾಣಿಜ್ಯ ಪದವೀಧರನಾದ ನನಗೆ ಈ ಲೆಕ್ಕ ಬಹಳ ಹಿಡಿಸಿತ್ತು. ಆದುದರಿಂದ ರಾಮಾಪುರದ ನಾವು ಕೆಲವು ವರ್ತಕರು ಸೇರಿ 2005ರಲ್ಲಿ ಒಂದು ಶಿಬಿರ ಏರ್ಪಡಿಸಿದೆವು. ಆಗ ನಮ್ಮದಿನ್ನೂ ಕೊಳ್ಳೇಗಾಲ ತಾಲ್ಲೂಕು. ಹನೂರು ತಾಲ್ಲೂಕು ಬೇರೆಯಾದದ್ದು ಆಮೇಲಿನ ಮಾತು. ಅಜ್ಜೀಪುರದಿಂದ, ಕೌದಳ್ಳಿಯಿಂದ, ಕಾಡಂಚಿನ ಪೋಡುಗಳಿಂದ ಜನ ಬಂದರು. ನನ್ನ ಪಾಲಿಗೆ ಬಂದದ್ದು ಹೆಸರು ಬರೆದುಕೊಳ್ಳುವ ಕೆಲಸ.

ಆ ಸಾಲಿನಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗನೂ ಇದ್ದ. ಸಂಬಂಧದಲ್ಲಿ ನನಗೆ ತಂಗಿಯಾಗಬೇಕಾದ ಹೆಣ್ಣುಮಗಳ ಮಗ. ಬೇಸಗೆಯ ರಜೆಗೆ ತಾಯಿಯೊಡನೆ ತವರಿಗೆ ಬಂದಿದ್ದ. ಹಗಲಿನಲ್ಲಿ ಆಟದಲ್ಲಿ ಎಲ್ಲರಿಗೂ ಮುಂದು. ದೀಪ ಹಚ್ಚುವ ಹೊತ್ತಾದರೆ ಹೊಸಿಲು ಎಡವುತ್ತಿದ್ದ. ಇರುಳುಗಣ್ಣು, ಸೊಪ್ಪು ತಿನ್ನಿಸಿ, ಹಾಲು ಕುಡಿಸಿ ಎಂದು ನಾವೆಲ್ಲ ಹೇಳಿದ್ದಾಗಿತ್ತು. ಶಿಬಿರದ ಕಿರಿಯ ವೈದ್ಯರು ಕತ್ತಲೆ ಕೋಣೆಯಲ್ಲಿ ಅವನ ಕಣ್ಣಿನೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಹೊರಗೆ ಬಂದು, ಇದು ಪೊರೆಯಲ್ಲ, ಕಣ್ಣಿನ ಹಿಂಬದಿಯ ಪರದೆಯ ತೊಂದರೆ, ಇಲ್ಲಿ ಮಾಡುವಂಥದ್ದೇನೂ ಇಲ್ಲ ಎಂದು ಹೇಳಿ ಬೆಂಗಳೂರಿಗೆ ಒಂದು ಚೀಟಿ ಬರೆದುಕೊಟ್ಟರು. ಅಂದು ಸಂಜೆ ಶಿಬಿರದ ಲೆಕ್ಕ ಓದುವಾಗ ಆ ಹುಡುಗನ ಹೆಸರು ಯಾವ ಕಲಮಿಗೂ ಸೇರಲಿಲ್ಲ.

ಈ ರೋಗದ ಹೆಸರು ರೆಟಿನೈಟಿಸ್ ಪಿಗ್ಮೆಂಟೋಸಾ. ಕಣ್ಣಿನ ಒಳಗನ್ನು ನೋಡುವ ಉಪಕರಣವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ರೂಪಿಸಿದ ಮೇಲೆಯೇ ವೈದ್ಯರಿಗೆ ಇದು ಕಾಣಿಸಿದ್ದು. ಅಕ್ಷಿಪಟಲದಲ್ಲಿ ಮಂದ ಬೆಳಕಿಗೆ ಸ್ಪಂದಿಸುವ ದಂಡಕೋಶಗಳು ಮೊದಲು ನಶಿಸುತ್ತವೆ. ಆದುದರಿಂದಲೇ ಮೊದಲಿಗೆ ಇರುಳುಗಣ್ಣು. ಬಳಿಕ ನೋಟದ ಅಂಚುಗಳು ಒಳಸರಿಯುತ್ತ ಬಂದು, ಕೊಳವೆಯ ಮೂಲಕ ನೋಡಿದಂತೆ ನಡುವಿನ ನೋಟ ಮಾತ್ರ ಉಳಿಯುತ್ತದೆ. ಕೆಲವರಿಗೆ ಅದೂ ಉಳಿಯುವುದಿಲ್ಲ. ಜಗತ್ತಿನಲ್ಲಿ ಸುಮಾರು 4000 ಮಂದಿಗೆ ಒಬ್ಬರಲ್ಲಿ ಇದು ಕಾಣುತ್ತದೆ. ಸೊಪ್ಪು ತಿನ್ನದಿರುವುದರಿಂದ ಬರುವ ಇರುಳುಗಣ್ಣು ಬೇರೆ, ಇದು ಬೇರೆ. ಇದು ವಂಶವಾಹಿಯಲ್ಲಿನ ದೋಷ. ಅಕ್ಷಿಪಟಲದ ಆನುವಂಶಿಕ ರೋಗಗಳಿಗೆ ಕಾರಣವಾಗುವ 250ಕ್ಕೂ ಹೆಚ್ಚು ವಂಶವಾಹಿಗಳನ್ನು ಇದುವರೆಗೆ ಗುರುತಿಸಿದ್ದಾರೆ. ಕೆಲವು ಮನೆತನಗಳಲ್ಲಿ ತಂದೆ ತಾಯಿ ಇಬ್ಬರಿಂದಲೂ ದೋಷ ಬಂದರಷ್ಟೇ ರೋಗ. ರಕ್ತಸಂಬಂಧದ ಮದುವೆಗಳಲ್ಲಿ ಇದಕ್ಕೆ ಅವಕಾಶ ಹೆಚ್ಚು. ಸೋದರಮಾವನಿಗೂ ಅಕ್ಕನ ಮಗಳಿಗೂ ಮದುವೆ ಮಾಡುವ ನಮ್ಮ ದಕ್ಷಿಣದವರು ಇದನ್ನು ಗಮನಿಸಬೇಕು. ಇನ್ನು ಕೆಲವು ಮನೆತನಗಳಲ್ಲಿ ದೋಷವು ಎಕ್ಸ್ ವರ್ಣತಂತುವಿನಲ್ಲಿರುತ್ತದೆ. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟರೂ ಇನ್ನೊಂದು ಬಹುಮಟ್ಟಿಗೆ ಕಾಪಾಡುತ್ತದೆ. ಗಂಡಿಗೆ ಇರುವುದೇ ಒಂದು. ದೋಷವನ್ನು ಹೊತ್ತ ತಾಯಿಯ ಪ್ರತಿಯೊಬ್ಬ ಗಂಡುಮಗುವಿಗೂ ರೋಗ ಬರುವ ಸಂಭವ ಅರ್ಧ. ಪ್ರತಿಯೊಬ್ಬ ಹೆಣ್ಣುಮಗುವೂ ತಾಯಿಯಂತೆಯೇ ಅದನ್ನು ಹೊರುವ ಸಂಭವವೂ ಅರ್ಧ. ಹೀಗಾಗಿ ಸೋದರಮಾವನಲ್ಲಿ ಕಂಡದ್ದು ನಡುವಿನ ಹೆಣ್ಣಿನಲ್ಲಿ ಕಾಣದೆ ಸೋದರಳಿಯನಲ್ಲಿ ಮತ್ತೆ ಕಾಣುತ್ತದೆ.

ಬೆಂಗಳೂರಿನ ಆ ಆಸ್ಪತ್ರೆಯಲ್ಲಿ ಇಂಥ ರೋಗಗಳನ್ನೇ ನೋಡುವ ಒಬ್ಬ ವೈದ್ಯೆ ಇದ್ದರು. ತವರಿನ ಕಡೆಯಿಂದ ನಾನೂ ಗಂಡನ ಮನೆಯ ಕಡೆಯಿಂದ ಹುಡುಗನ ತಾತನೂ ಜೊತೆಗೆ ಹೋಗಿದ್ದೆವು. ಅವರು ಮೊದಲು ಕಣ್ಣನ್ನು ನೋಡಲಿಲ್ಲ, ಒಂದು ಕಾಗದ ತೆಗೆದುಕೊಂಡರು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ ಎಂದು ಬರೆಯುತ್ತ ಮೂರು ತಲೆಮಾರಿನ ವಿಚಾರ ಕೇಳಿದರು. ಬಳಿಕ ತಂದೆ ತಾಯಿ ಇಬ್ಬರನ್ನು ಮಾತ್ರ ಒಳಗೆ ಉಳಿಸಿಕೊಂಡು ನಮ್ಮನ್ನು ಹೊರಗೆ ಕುಳ್ಳಿರಲು ಹೇಳಿದರು. ಅರ್ಧ ಗಂಟೆಗೂ ಮಿಗಿಲಾಗಿ ಬಾಗಿಲು ತೆರೆಯಲಿಲ್ಲ. ಹೊರಗೆ ಬಂದ ತಂಗಿ ತನ್ನ ಮಾವನವರ ಮುಂದೆ ನಿಂತು, ಇದು ನನ್ನ ಕಡೆಯಿಂದ ಬಂದದ್ದಂತೆ, ನಮ್ಮ ಅಣ್ಣನಿಗೂ ಅಮ್ಮನ ತಮ್ಮನಿಗೂ ಇದ್ದದ್ದು ಇದೇ ಅಂತೆ ಎಂದಳು. ಆ ಹಿರಿಯರು ಅವಳಿಗೆ ಏನೂ ಹೇಳಲಿಲ್ಲ. ನನ್ನ ಕಡೆಗೆ ತಿರುಗಿ ಕೇಳಿದರು: "ನಿಮಗೆ ಇದು ಗೊತ್ತಿತ್ತೆ?"

ಗೊತ್ತಿತ್ತು. 1991ರಲ್ಲಿ ಈ ಸಂಬಂಧ ಕುದುರಿಸಲು ಅವರು ನಮ್ಮ ಜವಳಿ ಅಂಗಡಿಗೇ ಬಂದಿದ್ದರು. ನನ್ನ ತಂದೆಯವರ ಕಾಲದಿಂದ ನಮಗೂ ಅವರಿಗೂ ವ್ಯವಹಾರ. ನಮ್ಮ ಮಾತನ್ನು ಅವರು ಹುಂಡಿಯಂತೆ ನಂಬುತ್ತಿದ್ದರು. ಹುಡುಗಿಯ ಗುಣ, ವಿದ್ಯೆ, ಮನೆತನ ಎಲ್ಲವನ್ನೂ ವಿಚಾರಿಸಿ ಏಳುವಾಗ, ಬೇರೆ ಏನೂ ಇಲ್ಲವಷ್ಟೆ ಎಂದು ಕೇಳಿದರು. ಹುಡುಗಿಯ ಅಣ್ಣನು ಸಂಜೆಯ ಮೇಲೆ ಗೋಡೆ ಹಿಡಿದು ನಡೆಯುವುದನ್ನು ನಾನು ಬಲ್ಲೆ. ಅವಳ ಸೋದರಮಾವನು ನಲವತ್ತಕ್ಕೆ ಪೂರ್ತಿ ಕುರುಡಾದುದನ್ನೂ ಬಲ್ಲೆ. ಎಕ್ಸ್ ವರ್ಣತಂತುವಿನ ವಿಷಯ ಆಗ ತಿಳಿಯದಿದ್ದರೂ ಎರಡು ತಲೆಮಾರಿನ ಎರಡು ಮುಖಗಳು ಕಣ್ಣೆದುರಿಗಿದ್ದವು. ನಾನು ಸುಳ್ಳು ಹೇಳಲಿಲ್ಲ. ಒಳ್ಳೆಯ ಮನೆತನ, ಧಾರಾಳವಾಗಿ ತಂದುಕೊಳ್ಳಿ ಎಂದೆ. ಅವರು ಕೇಳಿದ್ದು ಕಡಿಮೆ. ನಾನು ಹಾಗೆಯೇ ಆಗಲೆಂದು ಒಪ್ಪಿ ಕೊಟ್ಟೆ.

ಆಚಾರ್ಯರು ಅದನ್ನು ಏಕೆ ಸತ್ಯದ ಅತಿಚಾರವೆಂದರೆಂಬುದು ನನಗೆ ಆ ಪಡಸಾಲೆಯಲ್ಲಿ ಅರ್ಥವಾಯಿತು. ಕಳ್ಳತನಕ್ಕೆ ವಸ್ತು ಕೈಬದಲಾಗಬೇಕು. ಇಲ್ಲಿ ಕೈಬದಲಾದದ್ದು ವಸ್ತುವಲ್ಲ, ಒಬ್ಬನ ಅಜ್ಞಾನ. ಆ ಅಜ್ಞಾನವನ್ನು ಕಂಡೂ ತನ್ನ ಅನುಕೂಲಕ್ಕೆ ಅದನ್ನು ಹಾಗೆಯೇ ಬಿಟ್ಟವನ ಒಪ್ಪಿಗೆಯ ಮಾತು, ಅಕ್ಷರಶಃ ನಿಜವಾಗಿದ್ದರೂ, ಅಸತ್ಯದ ಕೆಲಸವನ್ನೇ ಮಾಡಿತ್ತು.

ಆಗ ನನ್ನನ್ನು ನಾನು ಸಮಾಧಾನಪಡಿಸಿಕೊಂಡದ್ದೂ ಶಾಸ್ತ್ರದ ಬಲದಿಂದಲೇ ಎಂಬುದನ್ನು ಮರೆಮಾಚಬಾರದು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದು. ಪರರ ದೋಷವನ್ನು ಮುಚ್ಚುವುದು ಶ್ರಾವಕನ ಗುಣ. ಒಂದು ಹೆಣ್ಣಿನ ಬಾಳು ನೇರವಾಗುವಾಗ ಅವಳ ಅಣ್ಣನ ಕಣ್ಣಿನ ವಿಷಯವನ್ನು ನಾನೇಕೆ ಬಿಚ್ಚಲಿ ಎಂದುಕೊಂಡೆ. ಇಂದಿಗೂ ನಮ್ಮ ಸಂಬಂಧ ಕೂಡಿಸುವ ಹಿರಿಯರ ಬಾಯಲ್ಲಿ ಈ ಮಾತು ಕೇಳಿಬರುತ್ತದೆ. ಆದರೆ ಉಪಗೂಹನಕ್ಕೆ ದೃಷ್ಟಾಂತವಾಗಿ ನಾವು ಕೇಳುತ್ತ ಬಂದ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನು ಮತ್ತೊಮ್ಮೆ ನೋಡಿ. ಕಪಟವೇಷದ ಕಳ್ಳನು ಶ್ರೇಷ್ಠಿಯ ಚೈತ್ಯಾಲಯದಲ್ಲಿದ್ದ ವೈಡೂರ್ಯವನ್ನು ಕದ್ದು ಓಡುತ್ತಾನೆ. ಕಾವಲಿನವರು ಬೆನ್ನಟ್ಟುತ್ತಾರೆ. ಧರ್ಮಕ್ಕೆ ಅಪವಾದ ಬರಬಾರದೆಂದು ಶ್ರೇಷ್ಠಿಯು, ನಾನೇ ಅದನ್ನು ತರಹೇಳಿದ್ದೆ ಎಂದು ಕಾವಲಿನವರನ್ನು ಕಳುಹಿಸಿ, ಆಮೇಲೆ ಕಳ್ಳನನ್ನು ಏಕಾಂತದಲ್ಲಿ ಗದರಿಸಿ ಹೊರಹಾಕುತ್ತಾನೆ. ನೂರಾರು ಸಲ ಕೇಳಿದ ಈ ಕಥೆಯಲ್ಲಿ ನಾನು ಗಮನಿಸದೆ ಬಿಟ್ಟದ್ದು ಒಂದಿತ್ತು. ಆ ರತ್ನ ಶ್ರೇಷ್ಠಿಯದೇ. ದೋಷ ಮುಚ್ಚಲು ಅವನು ಪಣಕ್ಕಿಟ್ಟದ್ದು ತನ್ನ ಸ್ವಂತ ಸೊತ್ತನ್ನು. ನಾನು ಪಣಕ್ಕಿಟ್ಟದ್ದು ಇನ್ನೂ ಹುಟ್ಟದ ಮಗುವಿನ ಕಣ್ಣನ್ನು, ಏನೂ ಅರಿಯದ ಒಂದು ಮನೆಯ ನಂಬಿಕೆಯನ್ನು, ಯಾರೂ ಕೇಳದೆ ಬಿಟ್ಟ ಒಬ್ಬ ಹುಡುಗಿಯ ಮುಂದಿನ ಬಾಳನ್ನು.

ಇದರ ಫಲ ಉಂಡವಳು ಅವಳೇ. ಮಾವನವರು ಬೈಯಲಿಲ್ಲ. ಆದರೆ ನಿನ್ನ ತವರಿನಿಂದ ತಂದದ್ದು ಎಂಬ ಮಾತು ಆ ಮನೆಯ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಸುಳಿದಾಡಿತು. ನೆರೆಹೊರೆಯ ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಾಯಿ ಹಿಂದಿನ ಜನ್ಮದಲ್ಲಿ ಮಾಡಿದ ಪಾಪವೆಂದರು. ಜೈನರೆನಿಸಿಕೊಂಡವರ ಬಾಯಲ್ಲಿ ಈ ಮಾತು ಬರುವುದು ನಾಚಿಕೆಗೇಡು. ದರ್ಶನಾವರಣೀಯ ಕರ್ಮದ ಒಂಬತ್ತು ಭೇದಗಳಲ್ಲಿ ಚಕ್ಷುರ್ದರ್ಶನಾವರಣವೂ ಒಂದು ಎಂಬುದು ಸರಿ. ಆದರೆ ಅದು ಯಾವ ಜೀವದ್ದೋ ಆ ಜೀವದ್ದು. ಒಬ್ಬರ ಕರ್ಮವನ್ನು ಇನ್ನೊಬ್ಬರ ಖಾತೆಗೆ ವರ್ಗಾಯಿಸುವ ಪದ್ಧತಿ ಜಿನಾಗಮದಲ್ಲಿ ಇಲ್ಲ. ಈಚಿನ ಕೆಲವು ಲೇಖಕರು ಕರ್ಮವೆಂದರೆ ವಂಶವಾಹಿಯೇ ಎಂದು ಬರೆಯುತ್ತಿರುವುದನ್ನೂ ನಾನು ಒಪ್ಪಲಾರೆ. ವಂಶವಾಹಿಯು ತಂದೆ ತಾಯಿ ಕೊಟ್ಟ ಔದಾರಿಕ ಶರೀರಕ್ಕೆ ಸೇರಿದ್ದು, ಚಿತೆಯಲ್ಲಿ ದೇಹದೊಡನೆ ಬೂದಿಯಾಗುತ್ತದೆ. ಕರ್ಮಪುದ್ಗಲವಾದರೋ ಕಾರ್ಮಣ ಶರೀರವಾಗಿ ಜೀವದೊಡನೆ ಮುಂದಿನ ಗತಿಗೆ ಹೋಗುತ್ತದೆ. ಎರಡೂ ಬೇರೆ ಬೇರೆ ವಹಿಗಳು. ದೋಷವುಳ್ಳ ವಂಶವಾಹಿಯು ಕರ್ಮದ ಉದಯಕ್ಕೆ ಹೊರಗಿನ ನಿಮಿತ್ತವಾಯಿತೆಂದು ಹೇಳಬಹುದು, ಅಷ್ಟೆ. ನಿಮಿತ್ತವಾದ ತಾಯಿಯನ್ನು ದೂರುವುದು, ಓಲೆ ತಂದ ಅಂಚೆಯವನನ್ನು ದೂರಿದಂತೆ. ಇಲ್ಲಿ ಇನ್ನೊಂದು ಮಾತು: ಕರ್ಮವೆಂದ ಮೇಲೆ ವೈದ್ಯನೇಕೆ ಎಂದು ಕೇಳುವವರೂ ಇದ್ದಾರೆ. ನಿಕಾಚಿತವಲ್ಲದ ಕರ್ಮದಲ್ಲಿ ಅಪಕರ್ಷಣ, ಸಂಕ್ರಮಣಗಳಿಗೆ ಎಡೆಯಿದೆಯೆಂದು ಕರ್ಮಸಿದ್ಧಾಂತವೇ ಹೇಳುತ್ತಿರುವಾಗ ಪುರುಷಾರ್ಥವನ್ನು ಕೈಬಿಡುವುದು ಹೇಗೆ?

ನಮ್ಮ ಪರಂಪರೆ ಕಣ್ಣಿನ ವೈದ್ಯವನ್ನು ಎಂದೂ ಹಗುರವಾಗಿ ಕಂಡಿಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕದಲ್ಲಿ, ಪೂಜ್ಯಪಾದರು ಶಾಲಾಕ್ಯವನ್ನು, ಅಂದರೆ ಕಣ್ಣು ಕಿವಿ ಮೂಗು ಮೊದಲಾದವುಗಳ ಚಿಕಿತ್ಸೆಯನ್ನು, ವಿವರಿಸಿದ್ದರೆಂಬ ಉಲ್ಲೇಖವಿದೆ. ಆ ಗ್ರಂಥ ನಮಗೆ ದೊರೆತಿಲ್ಲ. ಅದೇ ಪೂಜ್ಯಪಾದರು ಒಮ್ಮೆ ದೃಷ್ಟಿ ಕಳೆದುಕೊಂಡು ಶಾಂತ್ಯಷ್ಟಕವನ್ನು ರಚಿಸಿ ಮರಳಿ ಪಡೆದರೆಂಬ ಕಥೆಯನ್ನು ಎಲ್ಲರೂ ಬಲ್ಲರು. ಅವರು ತಪಸ್ಸು ಮಾಡಿದರೆಂದು ಪ್ರತೀತಿಯಿರುವ ಕನಕಗಿರಿ ನಮ್ಮ ಜಿಲ್ಲೆಯ ಮಲೆಯೂರಿನಲ್ಲೇ ಇದೆ. ಆ ಬೆಟ್ಟವನ್ನು ಹತ್ತಿದಾಗಲೆಲ್ಲ ನನಗೆ ಅನ್ನಿಸುವುದುಂಟು: ನ್ಯಾಸಾಪಹಾರವನ್ನು ಅಷ್ಟು ಸೂಕ್ಷ್ಮವಾಗಿ ಬಿಡಿಸಿದವರು, ಕಣ್ಣಿನ ವೈದ್ಯವನ್ನು ಬಲ್ಲವರು, ಕತ್ತಲೆಯನ್ನು ತಾವೇ ಅನುಭವಿಸಿದವರು ಎಂದು ಪರಂಪರೆ ಹೇಳುವುದು ಒಬ್ಬರನ್ನೇ.

ಗುಣಪಡಿಸಲಾಗದ ರೋಗಕ್ಕೆ ಜೀವಮಾನವನ್ನೇ ಕೊಡುವ ವೈದ್ಯರ ವೃತ್ತಿಗೆ ಅರ್ಥವೇನು ಎಂಬ ಪ್ರಶ್ನೆ ಆ ದಿನದಿಂದ ನನ್ನನ್ನು ಹಿಂಬಾಲಿಸಿದೆ. ಅಮೆರಿಕದ ಬೋಸ್ಟನ್ ನಗರದ ಡಾ. ಎಲಿಯಟ್ ಬರ್ಸನ್ ಇಂಥವರಲ್ಲಿ ಹಿರಿಯರು. 1974ರಲ್ಲಿ ಅಲ್ಲಿ ಆರಂಭವಾದ ಬರ್ಮನ್-ಗಂಡ್ ಪ್ರಯೋಗಾಲಯವನ್ನು ದಶಕಗಳ ಕಾಲ ನಡೆಸಿ, 2017ರಲ್ಲಿ ತೀರಿಕೊಂಡರು. ಬೆಳಕು ಬಿದ್ದಾಗ ಅಕ್ಷಿಪಟಲ ಹೊರಡಿಸುವ ಅತಿ ಸಣ್ಣ ವಿದ್ಯುತ್ತನ್ನು ಅಳೆಯುವ ಇ.ಆರ್.ಜಿ. ಪರೀಕ್ಷೆ ಅವರ ತಕ್ಕಡಿ. ಒಂದೊಂದು ವರ್ಷಕ್ಕೆ ಎಷ್ಟು ನೋಟ ಕರಗುತ್ತದೆಂಬುದನ್ನು ಅವರು ಅಳೆಯುತ್ತ ಹೋದರು. ಈ ರೋಗಕ್ಕೆ ಕಾರಣವಾದ ಮೊದಲ ವಂಶವಾಹಿದೋಷ, ರೊಡಾಪ್ಸಿನ್ ಎಂಬುದರಲ್ಲಿ, 1990ರಲ್ಲಿ ಪತ್ತೆಯಾದಾಗ ಆ ತಂಡದಲ್ಲಿ ಅವರೂ ಇದ್ದರು. ರೋಗವಿರುವ ಮನೆಯ ಮಗು ಆರು ವರ್ಷ ದಾಟಿದ್ದು, ಅದರ ಇ.ಆರ್.ಜಿ. ಸರಿಯಾಗಿದ್ದರೆ ಮುಂದೆ ಅದಕ್ಕೆ ರೋಗ ಬಂದದ್ದು ಕಂಡಿಲ್ಲವೆಂದು ಅವರು ಹೇಳಿದರು. ಇದು ಸಣ್ಣ ಮಾತಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಇಂಥ ವೈದ್ಯನ ಕೈಯಲ್ಲಿ ಔಷಧವಿಲ್ಲ. ಆದರೆ ಅಣ್ಣ ಕುರುಡನಾಗುತ್ತಿರುವುದನ್ನು ನೋಡುತ್ತ ತನ್ನ ಸರದಿಗಾಗಿ ಕಾಯುತ್ತಿರುವ ತಮ್ಮನಿಗೆ, ನಿನಗಿಲ್ಲ ಎಂದು ಹೇಳಬಲ್ಲವನು ಕೊಟ್ಟದ್ದು ಅಭಯವಲ್ಲದೆ ಮತ್ತೇನು?

ಬರ್ಸನ್ನರ ಬಾಳಿನಲ್ಲಿ ಇನ್ನೊಂದು ಸಂಗತಿಯುಂಟು, ನನಗೆ ಅದೇ ಹೆಚ್ಚು ಮುಖ್ಯವಾಗಿ ತೋರುತ್ತದೆ. 601 ರೋಗಿಗಳನ್ನು ವರ್ಷಗಳ ಕಾಲ ಗಮನಿಸಿ, ದಿನಕ್ಕೆ 15,000 ಯೂನಿಟ್ ವಿಟಮಿನ್ 'ಎ' ಕೊಟ್ಟರೆ ರೋಗದ ವೇಗ ತಗ್ಗುವುದೆಂದು ಅವರ ತಂಡ 1993ರಲ್ಲಿ ಪ್ರಕಟಿಸಿತು. ಲೋಕದ ಎಷ್ಟೋ ಕಡೆ ವೈದ್ಯರು ಅದನ್ನು ಕೊಡತೊಡಗಿದರು. ಅವರು ತೀರಿಹೋದ ಮೇಲೆ, ವಂಶವಾಹಿಗಳ ತಿಳಿವಳಿಕೆ ಬೆಳೆದ ಕಾಲದಲ್ಲಿ, ಅದೇ ಸಂಸ್ಥೆಯವರು ಅವರೇ ಕೂಡಿಟ್ಟ ಅಂಕಿಅಂಶಗಳನ್ನು ಮತ್ತೆ ಪರಿಶೀಲಿಸಿದರು. ಲಾಭ ಕಾಣುತ್ತಿಲ್ಲವೆಂದು 2023ರಲ್ಲಿ ಪ್ರಕಟಿಸಿದರು. (ಅಕ್ಷಿಪಟಲದ ಇನ್ನು ಕೆಲವು ಆನುವಂಶಿಕ ರೋಗಗಳಲ್ಲಿ ಈ ವಿಟಮಿನ್ ಹೆಚ್ಚಾದರೆ ಹಾನಿಯೆಂಬ ಶಂಕೆಯಿದೆ, ಗರ್ಭಿಣಿಯರಿಗಂತೂ ಹೆಚ್ಚು ಪ್ರಮಾಣ ಅಪಾಯ. ಆದುದರಿಂದ ಯಾರೂ ತಾವಾಗಿ ಮಾತ್ರೆ ನುಂಗಬಾರದು.) ಗುರುವಿನ ಲೆಕ್ಕವನ್ನು ಶಿಷ್ಯಪರಂಪರೆ ತಿದ್ದಿತು. ತಿದ್ದಲು ಸಾಧ್ಯವಾದದ್ದು ಗುರು ವಹಿಯನ್ನು ಪ್ರಾಮಾಣಿಕವಾಗಿ ಬರೆದಿಟ್ಟಿದ್ದರಿಂದ. ತಪ್ಪು ಮೊತ್ತ ಬರೆದವನನ್ನು ಲೆಕ್ಕಪರಿಶೋಧಕ ತಿದ್ದಬಲ್ಲ, ನಮೂದನ್ನೇ ಮಾಡದವನನ್ನು ತಿದ್ದಲಾರ. 1991ರಲ್ಲಿ ನಾನು ಮಾಡಿದ್ದು ಈ ಎರಡನೆಯದನ್ನು.

ಹುಡುಗನ ತಾತನವರು ತಮ್ಮ ಒಂದು ಕಣ್ಣನ್ನೇ ಮೊಮ್ಮಗನಿಗೆ ಹಾಕಿರೆಂದು ಆ ವೈದ್ಯೆಯನ್ನು ಬೇಡಿದ್ದರು. ಈ ಭ್ರಮೆ ಈಗಲೂ ವ್ಯಾಪಕ. ನಮ್ಮ ಗಡಿಸೀಮೆಯವರೇ ಆದ ಡಾ. ರಾಜಕುಮಾರರ ಕಣ್ಣುಗಳು 2006ರಲ್ಲಿ ದಾನವಾದವು. 2021ರಲ್ಲಿ ಅವರ ಮಗ ಪುನೀತರ ಕಣ್ಣುಗಳಿಂದ ನಾಲ್ವರಿಗೆ ನೋಟ ಬಂತು. ಆಮೇಲೆ ನಮ್ಮ ಕಡೆಯ ಎಷ್ಟೋ ತರುಣರು ನೇತ್ರದಾನಕ್ಕೆ ಹೆಸರು ಬರೆಸಿದರು. ಇದು ಅತ್ಯಂತ ಶ್ಲಾಘ್ಯ, ಜೈನರೂ ಮಾಡತಕ್ಕದ್ದು. ಆದರೆ ದಾನದಿಂದ ಕಸಿಯಾಗುವುದು ಮುಂದಿನ ಪಾರದರ್ಶಕ ಪಟಲವಾದ ಕಾರ್ನಿಯಾ ಮಾತ್ರ. ಹಿಂದಿನ ಅಕ್ಷಿಪಟಲವನ್ನು ಹಾಗೆ ಬದಲಿಸುವ ವಿದ್ಯೆ ಇನ್ನೂ ಬಂದಿಲ್ಲ.

ಬಂದಿರುವುದು ಬೇರೊಂದು. ಆರ್‌ಪಿಇ65 ಎಂಬ ಒಂದು ವಂಶವಾಹಿಯ ದೋಷಕ್ಕೆ ಮಾತ್ರ, ಸರಿಯಾದ ಪ್ರತಿಯನ್ನು ಕಣ್ಣಿನೊಳಗೆ ಸೇರಿಸುವ ಚಿಕಿತ್ಸೆಗೆ ಅಮೆರಿಕದಲ್ಲಿ 2017ರ ಡಿಸೆಂಬರಿನಲ್ಲಿ ಅನುಮತಿ ದೊರೆಯಿತು. ಎರಡು ಕಣ್ಣಿಗೆ ಬೆಲೆ 8,50,000 ಡಾಲರ್. ನಮ್ಮ ಹುಡುಗನ ದೋಷ ಅದಲ್ಲ, ಅವನ ಬಗೆಯ ದೋಷಕ್ಕೆ ಪ್ರಯೋಗಗಳು ನಡೆದಿವೆ. ಅಹಿಂಸಾವ್ರತಿಗಳಾದ ನಾವು ಇಲ್ಲಿ ತುಸು ನಿಲ್ಲಬೇಕು. ಈ ಚಿಕಿತ್ಸೆ ಮನುಷ್ಯನಿಗಿಂತ ಮೊದಲು ನಡೆದದ್ದು ಬ್ರಿಯಾರ್ಡ್ ಎಂಬ ತಳಿಯ, ಅದೇ ದೋಷದಿಂದ ಹುಟ್ಟುಕುರುಡಾಗಿದ್ದ ನಾಯಿಗಳ ಮೇಲೆ. ಅವಕ್ಕೆ ನೋಟ ಬಂದುದು 2001ರಲ್ಲಿ ಪ್ರಕಟವಾಯಿತು. ಆ ಕೆಲಸದಲ್ಲಿದ್ದ ವಿಜ್ಞಾನಿ ಜೀನ್ ಬೆನೆಟ್ ಮತ್ತು ಅವರ ಪತಿ, ಕಣ್ಣಿನ ಶಸ್ತ್ರವೈದ್ಯ ಆಲ್ಬರ್ಟ್ ಮ್ಯಾಗ್ವೈರ್, ಅವುಗಳಲ್ಲಿ ಎರಡು ನಾಯಿಗಳನ್ನು ತಮ್ಮ ಮನೆಗೇ ತಂದು ಸಾಕಿದರು. ಇದನ್ನು ಓದಿ ನನಗೆ ಸಂತೋಷವಾಯಿತು. ಆದರೆ ಪ್ರಯೋಗಶಾಲೆಗಳ ಇಲಿಗಳನ್ನು ಯಾರೂ ಮನೆಗೆ ತರುವುದಿಲ್ಲ. ಇದು ಉದ್ಯೋಗೀ ಹಿಂಸೆಯೋ, ಸಂಕಲ್ಪೀ ಹಿಂಸೆಯೋ? ಕೊಲ್ಲುವ ಸಂಕಲ್ಪವಿಲ್ಲವೆನ್ನಬಹುದು, ಕೊಲೆ ನಡೆಯುವುದೆಂದು ತಿಳಿದೇ ಕೈಹಾಕಿದ್ದೆಂದೂ ಹೇಳಬಹುದು. ಮದ್ದಿಗಾಗಿ ಮಾಂಸ ಬಳಸುವುದನ್ನು ಉಗ್ರಾದಿತ್ಯಾಚಾರ್ಯರು ಅಮೋಘವರ್ಷನ ಸಭೆಯಲ್ಲಿ ಖಂಡಿಸಿದ್ದರು. ಮಾಂಸ, ಮದ್ಯ, ಮಧುಗಳಿಲ್ಲದೆ ವೈದ್ಯಶಾಸ್ತ್ರವನ್ನು ಬರೆದು ತೋರಿಸಿದ್ದರು. ಅವರಷ್ಟು ಧೈರ್ಯ ನನಗಿಲ್ಲ. ಆ ಹುಡುಗನಿಗೆ ನಾಳೆ ಇಂಥ ಚಿಕಿತ್ಸೆ ಸಿಕ್ಕರೆ ಬೇಡವೆನ್ನುವ ಬಾಯಿ ನನಗಿಲ್ಲ. ಬೇಡವೆನ್ನದಿರುವುದು ನಿರ್ದೋಷವೆಂದೂ ಹೇಳಲಾರೆ. ಪ್ರಾಜ್ಞರಾದ ಪಂಡಿತರು ಇದೇ ಪತ್ರಿಕೆಯಲ್ಲಿ ಇದನ್ನು ವಿಚಾರಿಸಬೇಕೆಂದು ಪ್ರಾರ್ಥಿಸುತ್ತೇನೆ.

ಬಸದಿಗಳ ಟ್ರಸ್ಟಿನವರಲ್ಲಿ ಒಂದು ಮಾತು. ಬರ್ಮನ್-ಗಂಡ್ ಎಂಬ ಹೆಸರಿನಲ್ಲಿರುವ ಇಬ್ಬರೂ ವೈದ್ಯರಲ್ಲ. ಬರ್ಮನ್ ದಂಪತಿಗಳ ಹೆಣ್ಣುಮಕ್ಕಳಿಗೆ ಈ ರೋಗವಿತ್ತು. ಗಾರ್ಡನ್ ಗಂಡ್ ಎಂಬವರು ಇದೇ ರೋಗದಿಂದ ತಾರುಣ್ಯದಲ್ಲೇ ದೃಷ್ಟಿ ಕಳೆದುಕೊಂಡ ಒಬ್ಬ ವ್ಯವಹಾರಸ್ಥ. ಇವರೆಲ್ಲ ಸೇರಿ 1971ರಲ್ಲಿ ಒಂದು ಪ್ರತಿಷ್ಠಾನ ಕಟ್ಟಿದರು. ಹಾಕಿದ ಹಣಕ್ಕೆ ಫಲ ಯಾವಾಗ ಬಂದೀತು, ಬಂದೀತೋ ಇಲ್ಲವೋ ಎಂಬುದು ಆಗ ಯಾರಿಗೂ ತಿಳಿಯದು. ನಮ್ಮ ಶಿಬಿರಗಳ ಹಣ ಪೊರೆಗೇ ಹೋಗುತ್ತದೆ, ಹೋಗಲಿ. ಪೊರೆಯಿಂದ ಕುರುಡಾದವರೇ ಹೆಚ್ಚು. ಆದರೆ ಶಿಬಿರದ ಸಾಲಿನಿಂದ ಬರಿಗೈಯಲ್ಲಿ ಹಿಂದಿರುಗುವವನ ಬಸ್ಸಿನ ಖರ್ಚಿಗೆ, ಚೆನ್ನೈಯಲ್ಲಿ ಡಾ. ಎಸ್.ಎಸ್. ಬದರೀನಾಥರು 1978ರಲ್ಲಿ ಸ್ಥಾಪಿಸಿದ ಶಂಕರ ನೇತ್ರಾಲಯದಂಥ ಕಡೆಗಳಲ್ಲಿ ಆಗುವ ವಂಶವಾಹಿ ಪರೀಕ್ಷೆಗೆ, ಅವನು ಬ್ರೈಲ್ ಕಲಿಯುವುದಕ್ಕೆ, ಮಾತನಾಡುವ ಕಂಪ್ಯೂಟರಿಗೆ ಒಂದು ಪಾಲು ಇಡಬಾರದೇಕೆ? ಫಲಕದಲ್ಲಿ ಬರೆಸಲು ಸಂಖ್ಯೆ ಸಿಗುವುದಿಲ್ಲವೆಂಬುದೊಂದೇ ಕಾರಣವಾಗಿದ್ದರೆ ಅದು ದಾನಕ್ಕೆ ತಕ್ಕ ಕಾರಣವಲ್ಲ.

ಈಗ ಮೊದಲಿನ ಪಟ್ಟಿಗೆ ಹಿಂದಿರುಗುತ್ತೇನೆ. ನ್ಯಾಸಾಪಹಾರ ಇರುವ ಪಟ್ಟಿಯಲ್ಲಿಯೇ ರಹೋಭ್ಯಾಖ್ಯಾನವೂ ಇದೆ. ದಂಪತಿಗಳ ಏಕಾಂತದ ವಿಷಯವನ್ನು ಬಯಲಿಗೆಳೆಯುವುದೂ ಸತ್ಯಕ್ಕೇ ಅತಿಚಾರ. ಮುಚ್ಚುವುದೂ ದೋಷ, ಬಿಚ್ಚುವುದೂ ದೋಷವಾದರೆ ಶ್ರಾವಕನಿಗೆ ದಾರಿ ಯಾವುದು? ಆ ವೈದ್ಯೆ ನಮ್ಮನ್ನು ಹೊರಗೆ ಕಳುಹಿಸಿದಾಗ ನನಗೆ ಸಿಟ್ಟು ಬಂದಿತ್ತು. ಹಿರಿಯರ ಮುಂದೆ ಹೇಳಬಾರದ್ದೇನಿದೆ ಎಂದು ಗೊಣಗಿದೆ. ಈಗ ತಿಳಿಯುತ್ತದೆ. ಆ ವಿಷಯ ಆ ತಾಯಿಯ ನಿಕ್ಷೇಪ. ಯಾರಿಗೆ ಹೇಳಬೇಕೆಂಬುದನ್ನು ತೀರ್ಮಾನಿಸುವವಳು ಅವಳು. ವೈದ್ಯೆ ಇಟ್ಟುಕೊಂಡವಳಷ್ಟೆ, ಪೂರ್ತಿಯಾಗಿ ಇಟ್ಟವಳ ಕೈಗೇ ಹಿಂದಿರುಗಿಸಿದಳು. 1991ರಲ್ಲಿ ನಾನು ಗಂಡಿನ ಕಡೆಯವರಿಗೆ ಹೇಳುವ ಮೊದಲು ಹುಡುಗಿಯನ್ನೂ ಅವಳ ಅಣ್ಣನನ್ನೂ ಕೇಳಬೇಕಾಗಿತ್ತು. ಅವರು ಬೇಡವೆಂದಿದ್ದರೆ, ನನ್ನನ್ನು ವಿಚಾರಿಸಬೇಡಿ, ಆ ಮನೆಯವರನ್ನೇ ವಿಚಾರಿಸಿ ಎಂದು ಎದ್ದುಬಿಡಬೇಕಾಗಿತ್ತು. ಅಷ್ಟಕ್ಕೇ ಆ ವ್ಯಾಪಾರಸ್ಥರಿಗೆ ಎಲ್ಲವೂ ಅರ್ಥವಾಗುತ್ತಿತ್ತು. ಸಂಬಂಧ ಮುರಿಯುತ್ತಿತ್ತೇ ಎಂಬುದನ್ನು ಬಲ್ಲವರಾರು? ತಿಳಿದು ಒಪ್ಪಿದ್ದರೆ ಅಡುಗೆಮನೆಯ ಆ ಮಾತು ಹುಟ್ಟುತ್ತಿರಲಿಲ್ಲ.

ಆ ಹಿರಿಯರು ಆಮೇಲೆಯೂ ನಮ್ಮ ಅಂಗಡಿಗೆ ಬರುತ್ತಿದ್ದರು, ಬಾಕಿಯನ್ನು ಒಂದು ದಿನವೂ ತಡಮಾಡದೆ ಕೊಡುತ್ತಿದ್ದರು. ತೀರಿಕೊಳ್ಳುವವರೆಗೂ ಯಾವ ಮನುಷ್ಯನ ವಿಷಯವಾಗಿಯೂ ನನ್ನ ಅಭಿಪ್ರಾಯ ಕೇಳಲಿಲ್ಲ. ಹುಡುಗ ಈಗ ಯುವಕ. ಹಗಲಿನಲ್ಲಿಯೂ ಕೋಲು ಹಿಡಿಯುತ್ತಾನೆ, ಓದಿಹೇಳುವ ಕಂಪ್ಯೂಟರಿನ ನೆರವಿನಿಂದ ಉದ್ಯೋಗದಲ್ಲಿದ್ದಾನೆ, ನಾನು ಫೋನು ಮಾಡಿದರೆ ಮಾರುಕಟ್ಟೆಯ ದರಗಳನ್ನು ಅವನೇ ನನಗೆ ಹೇಳುತ್ತಾನೆ.

ಅವನ ತಂಗಿಗೆ ಸಂಬಂಧ ನೋಡುತ್ತಿದ್ದಾರೆ. ಕಳೆದ ತಿಂಗಳು ಗಂಡಿನ ಕಡೆಯ ಹಿರಿಯರೊಬ್ಬರು, ನಿಮ್ಮೊಡನೆ ಒಂದಿಷ್ಟು ಮಾತನಾಡಬೇಕೆಂದು ಹೇಳಿಕಳುಹಿಸಿದರು. ನಾನು ಅವರಲ್ಲಿಗೆ ಹೋಗುವ ಮೊದಲು ಹುಡುಗಿಯ ಬಳಿಗೆ ಹೋದೆ. 1991ರ ವಿಷಯವೆಲ್ಲವನ್ನೂ ಬಿಡದೆ ಹೇಳಿದೆ. ಅವಳ ತಾಯಿ ಒಳಗೆ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು, ಏನೂ ಹೇಳಲಿಲ್ಲ. ಹುಡುಗಿ ಎದ್ದುಹೋಗಿ ಒಂದು ಲಕೋಟೆ ತಂದಳು. ರಕ್ತದ ಪರೀಕ್ಷೆ ಆಗಲೇ ಮಾಡಿಸಿದ್ದಳಂತೆ. ಅದರಲ್ಲಿ ಏನಿದೆಯೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. "ಮಾವ, ಅವರ ಮನೆಗೆ ನೀವು ಹೋಗಬೇಡಿ. ಆ ಹುಡುಗನನ್ನೇ ಕರೆದು ನಾನೇ ತೋರಿಸುತ್ತೇನೆ," ಎಂದಳು.

ಹೋದ ಭಾನುವಾರ ತೋರಿಸಿದ್ದಾಳೆ. ಅವರ ಕಡೆಯಿಂದ ಇನ್ನೂ ಉತ್ತರ ಬಂದಿಲ್ಲ.